ಸರಿಯುವ ಚುಕ್ಕಿ: ಕೆಲಮಂಗಲದ ಬಾನಿನಲ್ಲಿ ಕ್ಷುದ್ರಗ್ರಹ ವೀಕ್ಷಣೆ

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಕೆಲಮಂಗಲವೂ, ಅದರ ನೇರ ಪೂರ್ವಕ್ಕೆ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರದಲ್ಲಿ ಜವ್ವಾದಿ ಬೆಟ್ಟಗಳ ನಡುವೆ ಇರುವ ಕಾವಲೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ. ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 12.6 ಡಿಗ್ರಿಯಲ್ಲಿರುವ ಈ ಎರಡು ಊರುಗಳ ಪೈಕಿ ಕಾವಲೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ವೈನು ಬಪ್ಪು ವೀಕ್ಷಣಾಲಯವಿದೆ. ಇನ್ನೊಂದು ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ, ಡೆಂಕಣಿಕೋಟೆ ತಾಲ್ಲೂಕಿನ ಒಂದು ಸಣ್ಣ ಪಟ್ಟಣ. ಆದರೆ ಆಕಾಶದ ಲೆಕ್ಕದಲ್ಲಿ ಇವೆರಡಕ್ಕೂ ಇರುವ ಅಂತರ ಬಹಳ ಕಡಿಮೆ. ಕಾವಲೂರಿನ ನೆತ್ತಿಯ ಮೇಲೆ ಹಾದುಹೋಗುವ ನಕ್ಷತ್ರ ಸುಮಾರು ನಾಲ್ಕು ನಿಮಿಷಗಳ ತರುವಾಯ ಕೆಲಮಂಗಲದ ನೆತ್ತಿಯ ಮೇಲೂ ಹಾದುಹೋಗುತ್ತದೆ. ಅಲ್ಲಿ ಕಾಣುವ ಆಕಾಶದ ಪ್ರತಿಯೊಂದು ಭಾಗವೂ ಇಲ್ಲಿಯೂ ಅದೇ ಎತ್ತರದಲ್ಲಿ ಕಾಣುತ್ತದೆ.

1988ರ ಫೆಬ್ರವರಿ 17ರಂದು ಕಾವಲೂರಿನಲ್ಲಿ ಖಗೋಳವಿಜ್ಞಾನಿ ಆರ್. ರಾಜಮೋಹನ್ ಅವರು, ಅಲ್ಲಿಯ ತನಕ ಯಾರ ಲೆಕ್ಕಕ್ಕೂ ಬಾರದಿದ್ದ ಒಂದು ಕ್ಷುದ್ರಗ್ರಹವನ್ನು ಪತ್ತೆಹಚ್ಚಿದರು. ಅಂದು ಅದು ಕೆಲಮಂಗಲದ ಮೇಲಿನ ಆಕಾಶದಲ್ಲಿಯೂ ಇತ್ತು. ಕಾವಲೂರಿನಲ್ಲಿದ್ದ ಉಪಕರಣ ಆ ಮಂಕಾದ ಚುಕ್ಕಿಯ ಬೆಳಕನ್ನು ಹಿಡಿದುಕೊಟ್ಟಿತು ಎಂಬುದು ನಿಜ. ಆದರೆ ಅದು ನಕ್ಷತ್ರವಲ್ಲ, ಕ್ಷುದ್ರಗ್ರಹ ಎಂಬುದನ್ನು ತೋರಿಸಿಕೊಟ್ಟದ್ದು ಉಪಕರಣದ ಗಾತ್ರವಲ್ಲ, ಆಕಾಶದ ಒಂದೇ ಭಾಗವನ್ನು ಮತ್ತೆ ಮತ್ತೆ ನೋಡಿ, ಹಿಂದಿನ ದಾಖಲೆಯೊಡನೆ ಹೋಲಿಸುವ ಕ್ರಮ. ಈ ಕ್ರಮಕ್ಕೆ ದಕ್ಷಿಣ ಭಾರತದಲ್ಲಿ ಒಂದೂವರೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಸಾಮಾನ್ಯ ದುರ್ಬೀನು, ಒಂದು ನೋಟ್‌ಬುಕ್ಕು ಮತ್ತು ತಾಳ್ಮೆ ಇದ್ದರೆ ಕೆಲಮಂಗಲದ ಮನೆಯ ತಾರಸಿಯಿಂದಲೂ ಅದನ್ನು ಮುಂದುವರಿಸಬಹುದು.

ಮಂಗಳ ಮತ್ತು ಗುರುವಿನ ನಡುವೆ

ಮಂಗಳ ಮತ್ತು ಗುರು ಗ್ರಹಗಳ ಕಕ್ಷೆಗಳ ನಡುವೆ ಸೂರ್ಯನನ್ನು ಸುತ್ತುವ ಶಿಲಾಕಾಯಗಳ ವಿಶಾಲ ವಲಯವೇ ಕ್ಷುದ್ರಗ್ರಹಗಳ ಪ್ರಧಾನ ಪಟ್ಟಿ. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರವಾದ ಸುಮಾರು 15 ಕೋಟಿ ಕಿಲೋಮೀಟರನ್ನು ಒಂದು ಖಗೋಳಮಾನ ಎಂದು ಹಿಡಿದರೆ, ಈ ಪಟ್ಟಿ ಸುಮಾರು 2.1ರಿಂದ 3.3 ಖಗೋಳಮಾನಗಳವರೆಗೆ ಹರಡಿದೆ. ಇಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಾಯಗಳು ಗುರುತಿಸಲ್ಪಟ್ಟಿದ್ದರೂ ಅವೆಲ್ಲವನ್ನೂ ಒಟ್ಟುಗೂಡಿಸಿದರೆ ಸಿಗುವ ದ್ರವ್ಯರಾಶಿ ನಮ್ಮ ಚಂದ್ರನದರಲ್ಲಿ ನೂರಕ್ಕೆ ನಾಲ್ಕರಷ್ಟೂ ಆಗುವುದಿಲ್ಲ. ಒಂದು ಕಾಯಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಸಾಮಾನ್ಯವಾಗಿ ಲಕ್ಷಾಂತರ ಕಿಲೋಮೀಟರ್ ಇರುವುದರಿಂದ, 1970ರ ದಶಕದ ಪಯನಿಯರ್ 10 ನೌಕೆಯಿಂದ ಮೊದಲ್ಗೊಂಡು ಹೊರಗಣ ಗ್ರಹಗಳತ್ತ ಸಾಗಿದ ನೌಕೆಗಳು ಈ ಪಟ್ಟಿಯನ್ನು ಯಾವ ಡಿಕ್ಕಿಯೂ ಇಲ್ಲದೆ ದಾಟಿವೆ.

ಸೌರವ್ಯೂಹ ರೂಪುಗೊಂಡ ಕಾಲದಲ್ಲಿ ಈ ವಲಯದಲ್ಲಿದ್ದ ಕಾಯಗಳು ಒಂದುಗೂಡಿ ಗ್ರಹವಾಗದೆ ಹೋದದ್ದಕ್ಕೆ ಗುರುವಿನ ಪ್ರಬಲ ಗುರುತ್ವಾಕರ್ಷಣೆಯೇ ಮುಖ್ಯ ಕಾರಣ. ಅದರ ಪ್ರಭಾವ ಇಂದಿಗೂ ನಿಂತಿಲ್ಲ. ಗುರು ಸೂರ್ಯನನ್ನು ಒಂದು ಸಲ ಸುತ್ತುವಷ್ಟರಲ್ಲಿ ಸರಿಯಾಗಿ ಮೂರು ಸುತ್ತು ಮುಗಿಸುವ ಕಾಯವೊಂದು ಇದ್ದರೆ, ಗುರುವಿನ ಸೆಳೆತ ಪ್ರತಿ ಬಾರಿಯೂ ಒಂದೇ ಬಗೆಯಲ್ಲಿ ಬಿದ್ದು ಸಂಚಯವಾಗಿ, ಕಾಲಾಂತರದಲ್ಲಿ ಅದರ ಕಕ್ಷೆಯನ್ನು ಕದಡಿಬಿಡುತ್ತದೆ. ಆದಕಾರಣ ಸುಮಾರು 2.5 ಖಗೋಳಮಾನ ದೂರದಲ್ಲಿ ಪಟ್ಟಿಯೊಳಗೇ ಒಂದು ತೆರಪು ಉಂಟಾಗಿದೆ. ಇಂಥ ತೆರಪುಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಗುರುತಿಸಿ ವಿವರಿಸಿದವರು ಅಮೆರಿಕದ ಡೇನಿಯಲ್ ಕರ್ಕ್‌ವುಡ್.

ಪಟ್ಟಿಯ ಮೊದಲ ಸದಸ್ಯನಾದ ಸೀರೀಸ್ ಸಿಕ್ಕ ಬಗೆಯಲ್ಲಿಯೇ ಕ್ಷುದ್ರಗ್ರಹ ವೀಕ್ಷಣೆಯ ಸಾರವೆಲ್ಲ ಅಡಗಿದೆ. 1801ರ ಜನವರಿ 1ರಂದು ಸಿಸಿಲಿ ದ್ವೀಪದ ಪಲೆರ್ಮೋದಲ್ಲಿ ನಕ್ಷತ್ರಗಳ ಪಟ್ಟಿಯೊಂದನ್ನು ತಯಾರಿಸುತ್ತಿದ್ದ ಜುಸೆಪ್ಪೆ ಪಿಯಾಜಿ, ಯಾವ ನಕ್ಷತ್ರದ ಸ್ಥಾನವನ್ನೂ ಒಂದೇ ರಾತ್ರಿಯ ಅಳತೆಯಿಂದ ಬರೆದಿಡದೆ, ಬೇರೆ ಬೇರೆ ರಾತ್ರಿಗಳಲ್ಲಿ ಅಳೆದು ನೋಡುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಹಾಗೆ ಅಳೆಯುವಾಗ ವೃಷಭ ರಾಶಿಯಲ್ಲಿ ಕಂಡ ಒಂದು ಮಂಕು ಚುಕ್ಕಿ ಮರುದಿನ ತನ್ನ ನೆಲೆಯಿಂದ ಕೊಂಚ ಸರಿದಿತ್ತು. ಕೆಲವು ವಾರಗಳ ಬಳಿಕ ಅದು ಸೂರ್ಯನ ಬೆಳಕಿನಲ್ಲಿ ಮರೆಯಾದಾಗ, ತರುಣ ಗಣಿತಜ್ಞ ಕಾರ್ಲ್ ಫ್ರೆಡ್ರಿಕ್ ಗೌಸ್ ಆ ಅಲ್ಪಾವಧಿಯ ಅಳತೆಗಳಿಂದಲೇ ಅದರ ಕಕ್ಷೆಯನ್ನು ಗಣಿಸಿದರು. ಆ ವರ್ಷ ಮುಗಿಯುವ ಹೊತ್ತಿಗೆ ಅವರ ಲೆಕ್ಕ ಸೂಚಿಸಿದ ಜಾಗದ ಬಳಿಯೇ ಸೀರೀಸ್ ಮತ್ತೆ ಕಾಣಿಸಿತು. ಇದಾದ ಮೇಲೆ 1802ರಲ್ಲಿ ಪಲ್ಲಾಸ್, 1804ರಲ್ಲಿ ಜೂನೋ, 1807ರಲ್ಲಿ ವೆಸ್ಟಾ ಪತ್ತೆಯಾದವು. ಈ ನಾಲ್ಕೂ ಆ ಕಾಲದ ದೂರದರ್ಶಕಗಳಲ್ಲಿ ಗ್ರಹಗಳಂತೆ ಬಿಂಬವಾಗಿ ಕಾಣದೆ ನಕ್ಷತ್ರಗಳಂತೆ ಬರಿಯ ಬಿಂದುವಾಗಿಯೇ ಕಂಡವು. ರೂಪದಲ್ಲಿ ನಕ್ಷತ್ರದಿಂದ ಬೇರ್ಪಡಿಸಲಾಗದ್ದನ್ನು ಚಲನೆಯಿಂದ ಬೇರ್ಪಡಿಸಬೇಕಾಯಿತು.

ಮದರಾಸಿನಿಂದ ಕಾವಲೂರಿಗೆ

ಏಷ್ಯಾ ಖಂಡದ ನೆಲದಿಂದ ಮೊತ್ತಮೊದಲ ಕ್ಷುದ್ರಗ್ರಹ ಪತ್ತೆಯಾದದ್ದು ಮದರಾಸಿನಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಆಶ್ರಯದಲ್ಲಿ ನುಂಗಂಬಾಕ್ಕಂನಲ್ಲಿ 1792ರಲ್ಲಿ ನೆಲೆಗೊಂಡ ಮದರಾಸು ವೀಕ್ಷಣಾಲಯಕ್ಕೆ ಸರ್ಕಾರಿ ಖಗೋಳಜ್ಞರಾಗಿ 1861ರಲ್ಲಿ ಬಂದ ನಾರ್ಮನ್ ರಾಬರ್ಟ್ ಪಾಗ್ಸನ್, ಅದೇ ವರ್ಷದ ಏಪ್ರಿಲ್ 17ರಂದು ಪಟ್ಟಿಯ 67ನೆಯ ಸದಸ್ಯನನ್ನು ಕಂಡುಹಿಡಿದರು. ಖಂಡದ ಹೆಸರನ್ನೇ ಹೊತ್ತು ಅದು ‘ಏಷ್ಯಾ’ ಎನಿಸಿತು. ಸುಮಾರು 60 ಕಿಲೋಮೀಟರ್ ಅಡ್ಡಳತೆಯ ಈ ಕಾಯ 2.4 ಖಗೋಳಮಾನಗಳ ಸರಾಸರಿ ದೂರದಲ್ಲಿದ್ದು, ಮೂರು ಮುಕ್ಕಾಲು ವರ್ಷಗಳಿಗೊಮ್ಮೆ ಸೂರ್ಯನನ್ನು ಸುತ್ತುತ್ತದೆ. ಪಾಗ್ಸನ್ ಮದರಾಸಿನಿಂದಲೇ 1864ರಲ್ಲಿ ಸ್ಯಾಫೋ, 1866ರಲ್ಲಿ ಸಿಲ್ವಿಯಾ, 1868ರಲ್ಲಿ ಕ್ಯಾಮಿಲಾ, 1885ರಲ್ಲಿ ವೆರಾ ಎಂಬ ಇನ್ನೂ ನಾಲ್ಕನ್ನು ಕಂಡರು. ಇವುಗಳಲ್ಲಿ ಸಿಲ್ವಿಯಾಕ್ಕೆ ಎರಡು ಪುಟ್ಟ ಉಪಗ್ರಹಗಳಿವೆಯೆಂದು 2005ರಲ್ಲಿ ತಿಳಿದುಬಂದು, ಜೋಡಿ ಉಪಗ್ರಹಗಳಿರುವ ಕ್ಷುದ್ರಗ್ರಹಗಳಲ್ಲಿ ಅದು ಮೊದಲನೆಯದಾಯಿತು. ಮದರಾಸಿನ ಅದೇ ವೀಕ್ಷಣಾಲಯದಲ್ಲಿ ದುಡಿದ ಚಿಂತಾಮಣಿ ರಘುನಾಥಾಚಾರಿ, ಬೆಳಕಿನಲ್ಲಿ ಏರಿಳಿತವಿರುವ ಚರ ನಕ್ಷತ್ರವೊಂದನ್ನು 1867ರಲ್ಲಿ ಗುರುತಿಸಿದ್ದೂ ಇಂಥದೇ ನಿರಂತರ ಹೋಲಿಕೆಯ ಫಲ.

ಆ ಕಾಲದಲ್ಲಿ ಛಾಯಾಚಿತ್ರದ ನೆರವಿರಲಿಲ್ಲ. ದೂರದರ್ಶಕದಲ್ಲಿ ಕಾಣುವ ಚುಕ್ಕಿಗಳನ್ನು ನಕ್ಷತ್ರ ನಕ್ಷೆಯೊಡನೆ ಒಂದೊಂದಾಗಿ ತಾಳೆನೋಡಿ, ನಕ್ಷೆಯಲ್ಲಿಲ್ಲದ ಚುಕ್ಕಿ ಕಂಡರೆ ಅದರ ನೆಲೆಯನ್ನು ಅಳೆದು, ಬಳಿಕ ಅದು ಸರಿದಿದೆಯೇ ಎಂದು ಪರೀಕ್ಷಿಸಬೇಕಿತ್ತು. ಆಕಾಶಕಾಯಗಳ ಪ್ರಕಾಶವನ್ನು ಸಂಖ್ಯೆಯಲ್ಲಿ ಹೇಳುವ ಕಾಂತಿಮಾನ ಎಂಬ ಅಳತೆಗೆ ಖಚಿತ ಗಣಿತದ ಅಡಿಪಾಯ ಹಾಕಿದವರೂ ಪಾಗ್ಸನ್ನರೇ. ಐದು ಕಾಂತಿಮಾನಗಳ ವ್ಯತ್ಯಾಸ ಪ್ರಕಾಶದಲ್ಲಿ ಸರಿಯಾಗಿ ನೂರು ಪಟ್ಟು ವ್ಯತ್ಯಾಸಕ್ಕೆ ಸಮನಾಗಿರಲಿ ಎಂದು ಅವರು 1856ರಲ್ಲಿ ಸೂಚಿಸಿದರು. ಆ ಪ್ರಕಾರ ಒಂದು ಕಾಂತಿಮಾನ ಎಂದರೆ ಸುಮಾರು 2.512 ಪಟ್ಟು. ಸಂಖ್ಯೆ ಹೆಚ್ಚಿದಷ್ಟೂ ಕಾಯ ಮಂಕು. ಕತ್ತಲ ಆಕಾಶದಲ್ಲಿ ಬರಿಗಣ್ಣಿನ ಎಲ್ಲೆ ಆರರ ಆಸುಪಾಸು. ಹತ್ತನೆಯ ಕಾಂತಿಮಾನದ ಕಾಯ ಅದಕ್ಕಿಂತ ಸುಮಾರು ನಲವತ್ತು ಪಟ್ಟು ಮಂಕಾಗಿರುತ್ತದೆ.

1891ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಮ್ಯಾಕ್ಸ್ ವುಲ್ಫ್ ಅವರು ಛಾಯಾಚಿತ್ರದ ಮೂಲಕ ಕ್ಷುದ್ರಗ್ರಹವನ್ನು ಕಂಡುಹಿಡಿದ ಮೇಲೆ ವಿಧಾನ ಬದಲಾಯಿತು. ದೂರದರ್ಶಕ ನಕ್ಷತ್ರಗಳನ್ನು ಹಿಂಬಾಲಿಸುತ್ತ ದೀರ್ಘಕಾಲ ಬೆಳಕು ಸಂಗ್ರಹಿಸಿದರೆ, ನಕ್ಷತ್ರಗಳು ಚುಕ್ಕಿಗಳಾಗಿಯೂ, ಅವುಗಳ ನಡುವೆ ಚಲಿಸುವ ಕಾಯ ಸಣ್ಣ ಗೆರೆಯಾಗಿಯೂ ಮೂಡುತ್ತವೆ. ಮದರಾಸು ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕನಾಲಿಗೆ ಸಾಗಿತು. ಇರುಳಿನ ವೀಕ್ಷಣೆಗೆ ತಕ್ಕ ತಾಣವನ್ನು ಅರಸಿದ ಖಗೋಳವಿಜ್ಞಾನಿ ವೈನು ಬಪ್ಪು ಅವರು 1960ರ ದಶಕದ ಕೊನೆಯಲ್ಲಿ ಸಮುದ್ರಮಟ್ಟದಿಂದ ಸುಮಾರು 725 ಮೀಟರ್ ಎತ್ತರದ ಕಾವಲೂರನ್ನು ಆರಿಸಿದರು. ಬೆಂಗಳೂರಿನ ಕೋರಮಂಗಲದಲ್ಲಿ ಪ್ರಧಾನ ಕಚೇರಿ ಹೊಂದಿರುವ ಭಾರತೀಯ ಖಭೌತ ಸಂಸ್ಥೆಯ ಮುಖ್ಯ ವೀಕ್ಷಣಾ ತಾಣವಾಗಿ ಅದು ಬೆಳೆಯಿತು. 1986ರಲ್ಲಿ ಅಲ್ಲಿ 2.34 ಮೀಟರ್ ಕನ್ನಡಿಯ ದೂರದರ್ಶಕ ಉದ್ಘಾಟನೆಯಾದಾಗ ಅದಕ್ಕೆ, 1982ರಲ್ಲಿಯೇ ತೀರಿಕೊಂಡಿದ್ದ ಬಪ್ಪು ಅವರ ಹೆಸರನ್ನು ಇಡಲಾಯಿತು.

ಆದರೆ 1988ರ ಶೋಧಕ್ಕೆ ಒದಗಿದ್ದು ಆ ದೊಡ್ಡ ಕನ್ನಡಿಯಲ್ಲ, ಕಾವಲೂರಿನ ಚಿಕ್ಕ ಶ್ಮಿಟ್ ದೂರದರ್ಶಕ. ಕನ್ನಡಿಯ ಮುಂದೆ ತಿದ್ದುವ ಮಸೂರವೊಂದನ್ನು ಅಳವಡಿಸಿ, ಆಕಾಶದ ವಿಶಾಲ ಭಾಗವನ್ನು ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಹಿಡಿಯುವಂತೆ ರಚಿಸಿದ ದೂರದರ್ಶಕವನ್ನು ಶ್ಮಿಟ್ ದೂರದರ್ಶಕ ಎನ್ನುತ್ತಾರೆ. ಎಲ್ಲಿದೆಯೆಂದು ತಿಳಿಯದ ಕಾಯವನ್ನು ಹುಡುಕುವಾಗ ಆಳಕ್ಕಿಂತ ಅಗಲ ಮುಖ್ಯ. ‘ಕಲ್ಕಿ’ ಎಂಬ ಹೆಸರಿನ ಈ ಹುಡುಕಾಟದ ಯೋಜನೆಯಲ್ಲಿ ದೊರೆತ ಕಾಯಕ್ಕೆ 4130 ಎಂಬ ಕ್ರಮಸಂಖ್ಯೆಯೂ, ಶೋಧದ ಹಿಂದಿನ ವರ್ಷವಷ್ಟೇ ಜನ್ಮಶತಾಬ್ದಿ ಆಚರಿಸಲಾಗಿದ್ದ, ಈರೋಡಿನಲ್ಲಿ ಹುಟ್ಟಿದ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಹೆಸರೂ ದೊರೆತವು. ಪಾಗ್ಸನ್ ಅವರ ‘ವೆರಾ’ದ ನಂತರ ಒಂದು ಶತಮಾನಕ್ಕೂ ಹೆಚ್ಚು ಕಾಲ ಸ್ಥಗಿತಗೊಂಡಿದ್ದ ಪರಂಪರೆ ಹೀಗೆ ಮತ್ತೆ ಚಾಲನೆ ಪಡೆಯಿತು. ಕಾವಲೂರಿನಲ್ಲಿ ಪತ್ತೆಯಾದ 8348ನೆಯ ಕ್ಷುದ್ರಗ್ರಹಕ್ಕೆ, ಬಪ್ಪು ಅವರ ನಂತರ ಸಂಸ್ಥೆಯನ್ನು ಮುನ್ನಡೆಸಿದ ಜೆ.ಸಿ. ಭಟ್ಟಾಚಾರ್ಯ ಅವರ ಹೆಸರನ್ನು ಇಡಲಾಗಿದೆ.

ಕೆಲಮಂಗಲದಿಂದ ನೋಡುವ ಬಗೆ

ಆಕಾಶದಲ್ಲಿ ಸೂರ್ಯ ವರ್ಷವಿಡೀ ಸಾಗುವಂತೆ ಕಾಣುವ ಹಾದಿಗೆ ಕ್ರಾಂತಿವೃತ್ತವೆಂದು ಹೆಸರು. ಪ್ರಧಾನ ಪಟ್ಟಿಯ ಹೆಚ್ಚಿನ ಕ್ಷುದ್ರಗ್ರಹಗಳು ಈ ಹಾದಿಯಿಂದ ಬಹುದೂರ ಹೋಗುವುದಿಲ್ಲ. ವೆಸ್ಟಾದ ಕಕ್ಷೆ ಅದಕ್ಕೆ ಏಳು ಡಿಗ್ರಿ, ಸೀರೀಸ್‌ನದು ಹತ್ತೂವರೆ ಡಿಗ್ರಿಯಷ್ಟು ಮಾತ್ರ ಓರೆಯಾಗಿದೆ. ಇದಕ್ಕೆ ದೊಡ್ಡ ಅಪವಾದ, ಸುಮಾರು 35 ಡಿಗ್ರಿ ಓರೆಯಾಗಿರುವ ಪಲ್ಲಾಸ್. ಕೆಲಮಂಗಲದ ಅಕ್ಷಾಂಶದಲ್ಲಿ ಕ್ರಾಂತಿವೃತ್ತದ ಯಾವ ಬಿಂದುವೇ ಆಗಲಿ, ಉತ್ತರ ದಕ್ಷಿಣಗಳನ್ನು ನೆತ್ತಿಯ ಮೂಲಕ ಜೋಡಿಸುವ ಯಾಮ್ಯೋತ್ತರ ವೃತ್ತವನ್ನು ದಾಟುವಾಗ ದಿಗಂತದಿಂದ 54 ಡಿಗ್ರಿಗಿಂತ ಕೆಳಗಿರುವುದಿಲ್ಲ. ಅದೇ ಲಂಡನ್ನಿನಲ್ಲಿ ಆ ಹಾದಿಯ ದಕ್ಷಿಣ ತುದಿ ಸುಮಾರು 15 ಡಿಗ್ರಿ ಎತ್ತರಕ್ಕಷ್ಟೇ ಏರುತ್ತದೆ. ಎತ್ತರದಲ್ಲಿರುವ ಕಾಯದ ಬೆಳಕು ವಾತಾವರಣದ ತೆಳುವಾದ ಪದರವನ್ನು ಹಾದು ಬರುವುದರಿಂದ ಕಡಿಮೆ ಮಂಕಾಗುತ್ತದೆ, ಕಡಿಮೆ ನಡುಗುತ್ತದೆ. ಯೂರೋಪಿನ ವೀಕ್ಷಕರಿಗೆ ವರ್ಷದ ಕೆಲವು ಕಾಲ ಮಾತ್ರ ದೊರೆಯುವ ಈ ಅನುಕೂಲ ಕೆಲಮಂಗಲಕ್ಕೆ ಎಲ್ಲ ಋತುಗಳಲ್ಲಿಯೂ ದೊರೆತಿದೆ.

ನೋಡಲು ಅತ್ಯುತ್ತಮ ಕಾಲ ಷಡ್ಭಾಂತರ. ಭೂಮಿಯಿಂದ ನೋಡಿದಾಗ ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿ ಕಾಯ ಇರುವ ಈ ಸ್ಥಿತಿಯಲ್ಲಿ ಅದು ನಮಗೆ ಹತ್ತಿರವಿರುತ್ತದೆ, ಸೂರ್ಯಾಸ್ತದ ಹೊತ್ತಿಗೆ ಮೂಡಿ ರಾತ್ರಿಯಿಡೀ ಕಾಣುತ್ತದೆ, ಮತ್ತು ನಡುರಾತ್ರಿಯ ಸುಮಾರಿಗೆ ಅತಿ ಎತ್ತರಕ್ಕೇರುತ್ತದೆ. ಭಾರತದ ಗಡಿಯಾರದ ಹೊತ್ತು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಸೇರಿದ್ದು, ಕೆಲಮಂಗಲ ಸುಮಾರು 77.85 ಡಿಗ್ರಿಯಲ್ಲಿರುವುದರಿಂದ, ವರ್ಷದ ಸರಾಸರಿ ಲೆಕ್ಕದಲ್ಲಿ ಇಲ್ಲಿನ ನಿಜವಾದ ನಡುರಾತ್ರಿ ಗಡಿಯಾರ ಹನ್ನೆರಡು ತೋರಿಸಿದ ಸುಮಾರು 19 ನಿಮಿಷಗಳ ಬಳಿಕ ಬರುತ್ತದೆ ಎಂಬುದನ್ನೂ ವೀಕ್ಷಕರು ಗಮನದಲ್ಲಿಡಬೇಕು.

ಆರಂಭಕ್ಕೆ ವೆಸ್ಟಾ ಅತ್ಯಂತ ಸೂಕ್ತ. ಸರಾಸರಿ 525 ಕಿಲೋಮೀಟರ್ ಅಡ್ಡಳತೆಯ ಅದು ಗಾತ್ರದಲ್ಲಿ ಸೀರೀಸ್‌ಗಿಂತ ಬಹಳ ಚಿಕ್ಕದಾದರೂ, ಅದರ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ ನಲವತ್ತಕ್ಕೂ ಹೆಚ್ಚನ್ನು ಪ್ರತಿಫಲಿಸುವುದರಿಂದ ಪಟ್ಟಿಯಲ್ಲೇ ಅತಿ ಪ್ರಕಾಶಮಾನವಾಗಿ ಕಾಣುತ್ತದೆ. 2011ರ ಜುಲೈಯಿಂದ 2012ರ ಸೆಪ್ಟೆಂಬರ್‌ವರೆಗೆ ಡಾನ್ ನೌಕೆ ಅದನ್ನು ಸುತ್ತಿ ಅಧ್ಯಯನ ಮಾಡಿತು. ಸುಮಾರು ಹದಿನಾರೂವರೆ ತಿಂಗಳಿಗೊಮ್ಮೆ ವೆಸ್ಟಾದ ಷಡ್ಭಾಂತರ ಒದಗುತ್ತದೆ. 2018ರ ಜೂನ್‌ನಲ್ಲಿ ಅದರ ಕಾಂತಿಮಾನ 5.3ಕ್ಕೆ ತಲಪಿ, ಒಳ್ಳೆಯ ಕತ್ತಲಿದ್ದ ಕಡೆ ಬರಿಗಣ್ಣಿಗೂ ನಿಲುಕಿತ್ತು. 2026ರ ಅಕ್ಟೋಬರ್ ನಡುಭಾಗದ ಷಡ್ಭಾಂತರದಲ್ಲಿ ತಿಮಿಂಗಿಲ ನಕ್ಷತ್ರಪುಂಜದ ದಿಕ್ಕಿನಲ್ಲಿರುವ ಅದು ಕೆಲಮಂಗಲದ ಆಕಾಶದಲ್ಲಿ 70 ಡಿಗ್ರಿಗೂ ಮೇಲೆ ಏರುತ್ತದೆ. ಆದರೆ ಅಕ್ಟೋಬರ್ ಈ ಸೀಮೆಯಲ್ಲಿ ಹಿಂಗಾರು ಮಳೆಯ ತಿಂಗಳಾದ್ದರಿಂದ ಮೋಡ ಸರಿದ ರಾತ್ರಿಗಳನ್ನು ಬಿಡದೆ ಬಳಸಿಕೊಳ್ಳಬೇಕಾಗುತ್ತದೆ. ಇಲ್ಲಿ ತಿಳಿಯಾದ ಬಾನಿನ ಭರವಸೆ ಹೆಚ್ಚಾಗಿರುವುದು ಜನವರಿಯಿಂದ ಏಪ್ರಿಲ್‌ವರೆಗೆ.

ವೀಕ್ಷಣೆಯ ವಿಧಾನ ಸರಳ, ಆದರೆ ಶಿಸ್ತನ್ನು ಬೇಡುತ್ತದೆ. ಹತ್ತು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಮಸೂರದ ದುರ್ಬೀನು ಒಂಬತ್ತನೆಯ ಕಾಂತಿಮಾನದವರೆಗಿನ ಚುಕ್ಕಿಗಳನ್ನು ತೋರಿಸಬಲ್ಲದು. ಷಡ್ಭಾಂತರದಲ್ಲಿ ವೆಸ್ಟಾ, ಸೀರೀಸ್ ಎರಡೂ ಇದರ ಅಳವಿಗೆ ಸಿಗುತ್ತವೆ. ಪಾಗ್ಸನ್ನರ ‘ಏಷ್ಯಾ’ ಅತಿ ಪ್ರಕಾಶದ ಕಾಲದಲ್ಲಿಯೂ ಹತ್ತನೆಯ ಕಾಂತಿಮಾನದ ಸುಮಾರಿನದಾದ್ದರಿಂದ, ಅದನ್ನು ನೋಡಲು 15 ಸೆಂಟಿಮೀಟರ್‌ನಷ್ಟಾದರೂ ಕನ್ನಡಿಯ ದೂರದರ್ಶಕ ಇರುವುದು ಒಳ್ಳೆಯದು. ಚಂದ್ರನಿಲ್ಲದ ರಾತ್ರಿಯನ್ನು ಆರಿಸಿಕೊಂಡು, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಕಾದು, ಮಂದವಾದ ಕೆಂಪು ಬೆಳಕಿನಲ್ಲಿ ನಕ್ಷೆ ನೋಡುತ್ತ, ಕ್ಷುದ್ರಗ್ರಹ ಇರಬೇಕಾದ ಭಾಗದ ಎಲ್ಲ ಚುಕ್ಕಿಗಳನ್ನೂ ಕಾಗದದ ಮೇಲೆ ಗುರುತಿಸಿ, ದಿನಾಂಕ ಮತ್ತು ಹೊತ್ತನ್ನು ಬರೆದಿಡಬೇಕು. ಸ್ಟೆಲೇರಿಯಮ್‌ನಂಥ ಉಚಿತ ತಂತ್ರಾಂಶಗಳಲ್ಲಿ ಬೇಕಾದ ದಿನದ ನಕ್ಷೆ ಸಿಗುತ್ತದೆ. ಒಂದೆರಡು ರಾತ್ರಿ ಬಿಟ್ಟು ಅದೇ ಭಾಗವನ್ನು ಮತ್ತೆ ಬರೆದರೆ, ಚುಕ್ಕಿಗಳಲ್ಲಿ ಒಂದು ಮಾತ್ರ ಜಾಗ ಬದಲಿಸಿರುತ್ತದೆ.

ಆ ಸರಿತದ ಪ್ರಮಾಣವನ್ನು ಮೊದಲೇ ಲೆಕ್ಕ ಹಾಕಬಹುದು. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸಾಗಿದರೆ, ಸೂರ್ಯನಿಂದ ದೂರವಿರುವ ವೆಸ್ಟಾದ ವೇಗ ಸುಮಾರು 19 ಕಿಲೋಮೀಟರ್ ಮಾತ್ರ. ಷಡ್ಭಾಂತರದಲ್ಲಿ ಭೂಮಿ ಅದನ್ನು ಹಿಂದೆ ಹಾಕಿ ಮುಂದೆ ಹೋಗುವುದರಿಂದ, ಓಡುವ ರೈಲು ಹಿಂದಿಕ್ಕಿದ ಬಂಡಿ ಹಿಂದಕ್ಕೆ ಹೋದಂತೆ ಕಾಣುವ ಹಾಗೆ, ವೆಸ್ಟಾ ನಕ್ಷತ್ರಗಳ ನಡುವೆ ಪಶ್ಚಿಮಕ್ಕೆ ಸರಿಯುವಂತೆ ತೋರುತ್ತದೆ. ನಮ್ಮ ಪಂಚಾಂಗಗಳು ಗ್ರಹಗಳ ವಿಷಯದಲ್ಲಿ ಹೇಳುವ ವಕ್ರಗತಿ ಇದೇ. ದಿನಕ್ಕೆ ಸುಮಾರು ಕಾಲು ಡಿಗ್ರಿ, ಅಂದರೆ ಹುಣ್ಣಿಮೆಯ ಚಂದ್ರನ ಬಿಂಬದ ಅರ್ಧದಷ್ಟಾಗುವ ಈ ಸರಿತ ದುರ್ಬೀನಿನಲ್ಲಿ ಒಂದೇ ದಿನದ ಅಂತರದಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ.

ಈ ಅಳತೆಗೆಲ್ಲ ಆಧಾರ ನಕ್ಷತ್ರಗಳ ಸ್ಥಿರತೆ, ಮತ್ತು ಆ ಆಧಾರದ ಬೆಲೆಯನ್ನು ತೋರಿಸುವ ಪ್ರಸಂಗವೊಂದು ಈ ಸೀಮೆಯ ಇತಿಹಾಸದಲ್ಲಿಯೇ ಇದೆ. 1799ರ ಮಾರ್ಚ್‌ನಲ್ಲಿ ಬ್ರಿಟಿಷ್ ಜನರಲ್ ಹ್ಯಾರಿಸ್‌ನ ಸೈನ್ಯ ಕೆಲಮಂಗಲದ ದಾರಿಯಾಗಿ ಶ್ರೀರಂಗಪಟ್ಟಣದತ್ತ ಸಾಗಿತು. ಆ ದಂಡಿನಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಶ್ರೀರಂಗಪಟ್ಟಣದ ಬಳಿ ಒಂದು ರಾತ್ರಿ, ತಮ್ಮ ತುಕಡಿ ಉತ್ತರದ ಬದಲು ದಕ್ಷಿಣಕ್ಕೆ ನಡೆಯುತ್ತಿದೆಯೆಂಬುದನ್ನು ನಕ್ಷತ್ರಗಳ ನೆಲೆಯಿಂದಲೇ ಅರಿತು ಎಚ್ಚರಿಸಿದನು. ಮುಂದೆ ಅವನೇ ದಕ್ಷಿಣ ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯನ್ನು ಆರಂಭಿಸಿದನು. ನೆಲದ ದಿಕ್ಕನ್ನು ತಿಳಿಸಿಕೊಟ್ಟ ಆ ಸ್ಥಿರ ಚೌಕಟ್ಟೇ ಕ್ಷುದ್ರಗ್ರಹದ ನಡೆಯನ್ನೂ ತಿಳಿಸಿಕೊಡುತ್ತದೆ.

ನೆರಳು ಹಾಯುವ ಹೊತ್ತು

ಕ್ಷುದ್ರಗ್ರಹವನ್ನು ನೇರವಾಗಿ ನೋಡುವುದಲ್ಲದೆ, ಅದು ದೂರದ ನಕ್ಷತ್ರವೊಂದಕ್ಕೆ ಅಡ್ಡಬಂದು ಅದನ್ನು ಕ್ಷಣಕಾಲ ಮರೆಮಾಡುವುದನ್ನೂ ದಾಖಲಿಸಬಹುದು. ಆಚ್ಛಾದನೆ ಎನಿಸಿಕೊಳ್ಳುವ ಈ ಬಗೆಯ ವೀಕ್ಷಣೆಯಲ್ಲಿ ಕಾವಲೂರಿಗೆ ದೊಡ್ಡ ಹೆಸರಿದೆ. 1972ರಲ್ಲಿ ಗುರುವಿನ ಉಪಗ್ರಹ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆಮಾಡಿದ್ದನ್ನೂ, 1977ರ ಮಾರ್ಚ್ 10ರಂದು ಯುರೇನಸ್ ಸುತ್ತಲಿನ ಉಂಗುರಗಳ ಸುಳಿವು ಕೊಟ್ಟ ಆಚ್ಛಾದನೆಯನ್ನೂ ಅಲ್ಲಿ ದಾಖಲಿಸಲಾಯಿತು.

ನಕ್ಷತ್ರ ಅಪಾರ ದೂರದಲ್ಲಿರುವುದರಿಂದ ಅದರ ಕಿರಣಗಳು ಸಮಾಂತರವಾಗಿ ಬರುತ್ತವೆ. ಹೀಗಾಗಿ ಭೂಮಿಯ ಮೇಲೆ ಬೀಳುವ ನೆರಳಿನ ಅಗಲ ಕ್ಷುದ್ರಗ್ರಹದ ಅಗಲದಷ್ಟೇ ಇರುತ್ತದೆ. ಷಡ್ಭಾಂತರದ ಸಮಯದಲ್ಲಿ ಸೆಕೆಂಡಿಗೆ ಹತ್ತು ಕಿಲೋಮೀಟರಿನಷ್ಟು ವೇಗದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹಾಯುವ ನೆರಳೊಂದು ಕಾವಲೂರನ್ನು ದಾಟಿ ಕೆಲಮಂಗಲವನ್ನು ತಲಪಲು ಸುಮಾರು ಹತ್ತು ಸೆಕೆಂಡು ಸಾಕು, ಮತ್ತು 60 ಕಿಲೋಮೀಟರ್ ಅಡ್ಡಳತೆಯ ಕಾಯ ನಕ್ಷತ್ರವನ್ನು ಹೆಚ್ಚೆಂದರೆ ಆರು ಸೆಕೆಂಡು ಮರೆಮಾಡೀತು. ಆದರೆ ಉತ್ತರ ದಕ್ಷಿಣವಾಗಿ ಹೊಸೂರಿಗೂ ಧರ್ಮಪುರಿಗೂ ಇರುವ ಅಂತರ 60 ಕಿಲೋಮೀಟರಿಗಿಂತ ಹೆಚ್ಚು. ಅಂಥ ನೆರಳು ಹೊಸೂರಿನ ಮೇಲೆ ಹಾದರೆ ಧರ್ಮಪುರಿಯಲ್ಲಿ ನಕ್ಷತ್ರ ಕದಲದೆ ಬೆಳಗುತ್ತಿರುತ್ತದೆ. ಹೊಸೂರು, ಕೆಲಮಂಗಲ, ಡೆಂಕಣಿಕೋಟೆಗಳಲ್ಲಿ ಅದು ಮರೆಯಾಗುವ ಅವಧಿ ಒಂದೊಂದು ಕಡೆ ಒಂದೊಂದು ಬಗೆಯಾಗಿರುತ್ತದೆ. ಈ ಅವಧಿಗಳನ್ನು ಕರಾರುವಾಕ್ಕಾಗಿ ದಾಖಲಿಸಿ ಒಟ್ಟಿಗೆ ಇಟ್ಟರೆ ಕ್ಷುದ್ರಗ್ರಹದ ಅಂಚಿನ ಆಕಾರ ಮೂಡಿಬರುತ್ತದೆ. ದೊಡ್ಡ ದೂರದರ್ಶಕದಲ್ಲಿಯೂ ಬಿಂದುವಾಗಿಯೇ ಉಳಿಯುವ ಕಾಯದ ಆಕೃತಿ, ಊರೂರುಗಳಲ್ಲಿ ಹಂಚಿಹೋದ ಸಣ್ಣ ಉಪಕರಣಗಳ ಕೂಡು ದುಡಿಮೆಯಿಂದ ತಿಳಿಯುವುದು ಹೀಗೆ. ಈ ಕೆಲಸದಲ್ಲಿ ಒಂದು ಊರಿನ ವೀಕ್ಷಕನ ಬದಲು ಇನ್ನೊಂದು ಊರಿನವನು ಸಲ್ಲುವುದಿಲ್ಲ. ಕೆಲಮಂಗಲದಿಂದ ಮಾತ್ರ ಸಿಗಬಲ್ಲ ಅಳತೆಯನ್ನು ಕೆಲಮಂಗಲದಿಂದಲೇ ಮಾಡಬೇಕು.

ಕತ್ತಲನ್ನು ಉಳಿಸಿಕೊಳ್ಳುವ ಹೊಣೆ

ಇಂಥ ಅಳತೆಗೆ ಬೇಕಾದ ಕತ್ತಲು ಈ ಸೀಮೆಯಲ್ಲಿ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಕೆಲಮಂಗಲದ ಉತ್ತರಕ್ಕೆ ಹೊಸೂರಿನ ಕೈಗಾರಿಕಾ ಪ್ರದೇಶವೂ ಅದರಾಚೆ ಬೆಂಗಳೂರೂ ಇರುವುದರಿಂದ ಆ ದಿಕ್ಕಿನ ದಿಗಂತ ರಾತ್ರಿಯಿಡೀ ಬೆಳಕಿನ ಮಬ್ಬಿನಲ್ಲಿರುತ್ತದೆ. ಅಂಚೆಟ್ಟಿಯ ಕಾಡುಗಳ ಕಡೆಗಿರುವ ನೈಋತ್ಯ ದಿಕ್ಕು ಇನ್ನೂ ಅಷ್ಟು ಕೆಟ್ಟಿಲ್ಲ. ಕ್ಷುದ್ರಗ್ರಹಗಳ ಹಾದಿ ಇಲ್ಲಿ ನೆತ್ತಿಯ ಸಮೀಪದಲ್ಲಿಯೇ ಸಾಗುವುದರಿಂದ ಉತ್ತರದ ಮಬ್ಬು ಸದ್ಯಕ್ಕೆ ಅದನ್ನು ಪೂರ್ತಿಯಾಗಿ ನುಂಗಿಲ್ಲ. ಆದರೆ ಮೇಲಕ್ಕೆ ಚೆಲ್ಲುವ ದೀಪಗಳು ಊರೊಳಗೇ ಹೆಚ್ಚಿದರೆ ಈ ಅನುಕೂಲವೂ ಉಳಿಯಲಾರದು. ಲಡಾಖಿನ ಹಾನ್ಲೆಯ ಸುತ್ತಣ ಪ್ರದೇಶವನ್ನು 2022ರಲ್ಲಿ ದೇಶದ ಮೊದಲ ಕತ್ತಲಾಕಾಶ ಮೀಸಲು ಪ್ರದೇಶವೆಂದು ಘೋಷಿಸಿದಾಗ, ಅಲ್ಲಿನ ಹಳ್ಳಿಗಳಲ್ಲಿ ಹೊರದೀಪಗಳಿಗೆ ಮರೆ ಕಟ್ಟುವುದನ್ನೂ ಸ್ಥಳೀಯರಿಗೆ ದೂರದರ್ಶಕ ಕೊಟ್ಟು ತರಬೇತಿ ನೀಡುವುದನ್ನೂ ಕೈಗೊಂಡ ಕೆಲಸದಲ್ಲಿ ಬೆಂಗಳೂರಿನ ಇದೇ ಖಭೌತ ಸಂಸ್ಥೆ ಭಾಗಿಯಾಗಿದೆ. ಬೆಳಕನ್ನು ನೆಲದ ಕಡೆಗೆ ಮಾತ್ರ ಬೀಳಿಸುವ ದೀಪದ ಮುಚ್ಚಳಕ್ಕೆ ಹಿಮಾಲಯವೇನೂ ಬೇಕಿಲ್ಲ. ಪಂಚಾಯಿತಿಯ ಒಂದು ತೀರ್ಮಾನ ಸಾಕು.

ಕನ್ನಡದಲ್ಲಿ ಜಿ.ಟಿ. ನಾರಾಯಣರಾವ್ ಅವರಂಥ ಲೇಖಕರು ದಶಕಗಳ ಕಾಲ ನಕ್ಷತ್ರ ವೀಕ್ಷಣೆಯನ್ನು ಓದುಗರ ಮನೆಬಾಗಿಲಿಗೆ ತಂದರು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಆ ಕೆಲಸವನ್ನು ಮುಂದುವರಿಸಿದೆ. ಅದರ ಫಲ ಗಡಿಯಾಚೆಗಿನ ಕನ್ನಡಿಗರ ಊರುಗಳಿಗೂ ತಲಪಬೇಕಾದರೆ, ಕೆಲಮಂಗಲ, ತಳಿ, ಡೆಂಕಣಿಕೋಟೆಗಳ ಶಾಲೆಗಳಲ್ಲಿ ಒಂದೊಂದು ದುರ್ಬೀನೂ, ಒಂದೊಂದು ವೀಕ್ಷಣಾ ದಾಖಲೆಯ ಪುಸ್ತಕವೂ ಇರಬೇಕು. ಎಂಟನೆಯ ತರಗತಿಯ ವಿದ್ಯಾರ್ಥಿಗೂ ವೆಸ್ಟಾದ ನೆಲೆಯನ್ನು ಎರಡು ರಾತ್ರಿ ಬರೆದು, ನಡುವಣ ಅಂತರವನ್ನು ಅಳೆದು, ಅದರ ದಿನದ ನಡೆಯನ್ನು ತಾನೇ ಲೆಕ್ಕ ಹಾಕಲು ಸಾಧ್ಯ. ಹಾಗೆ ಮಾಡಿದ ವಿದ್ಯಾರ್ಥಿ, ಭೂಮಿ ಚಲಿಸುತ್ತಿದೆ ಎಂಬ ಪಠ್ಯಪುಸ್ತಕದ ವಾಕ್ಯವನ್ನು ತನ್ನ ಕೈಬರಹದ ಸಾಕ್ಷ್ಯದಿಂದ ಪರೀಕ್ಷಿಸಿ ಒಪ್ಪಿಕೊಂಡಂತಾಗುತ್ತದೆ; ಪಲೆರ್ಮೋದಲ್ಲಿ, ಮದರಾಸಿನಲ್ಲಿ, ಕಾವಲೂರಿನಲ್ಲಿ ನಡೆದ ಶೋಧಗಳೆಲ್ಲವೂ ಮೂಲತಃ ಇದೇ ಕೆಲಸವಾಗಿದ್ದವು.